ಊಟ ಬಲ್ಲವರು ಪೊಟ್ಟಣವನ್ನೂ ಬಲ್ಲವರಾಗಲಿ

ಸಿರುಗುಪ್ಪ ತಾಲ್ಲೂಕಿನ ದೇಶನೂರು ಸಕ್ಕರೆಯನ್ನು ಹತ್ತಿರದಿಂದ ಬಲ್ಲ ಊರು. ತುಂಗಭದ್ರೆಯ ಕಾಲುವೆ ನೀರು ಹರಿದು ಬಂದ ಮೇಲೆ ಈ ಸೀಮೆಯಲ್ಲಿ ಭತ್ತದೊಡನೆ ಕಬ್ಬೂ ಬೆಳೆಯಿತು. ಅದನ್ನು ನುರಿಸಲು ದೇಶನೂರಿನಲ್ಲಿ ಸಕ್ಕರೆ ಕಾರ್ಖಾನೆಯೂ ಎದ್ದು ನಿಂತಿತು. ಒಂದು ಟನ್ ಕಬ್ಬಿನಿಂದ ಸರಿಸುಮಾರು ಒಂದು ಕ್ವಿಂಟಲ್ ಸಕ್ಕರೆ ಹೊರಡುತ್ತದೆ ಎಂಬ ಲೆಕ್ಕವನ್ನು ಕಬ್ಬು ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಸಕ್ಕರೆ ಎಲ್ಲೋ ಹೋಗಿ, ಬಣ್ಣದ ಪೊಟ್ಟಣವನ್ನು ಹೊದ್ದು, ಬಿಸ್ಕತ್ತಾಗಿ, ತಂಪು ಪಾನೀಯವಾಗಿ, ಮಕ್ಕಳ ಹಾಲಿಗೆ ಬೆರೆಸುವ ಪುಡಿಯಾಗಿ ನಮ್ಮ ಕಿರಾಣಿ ಅಂಗಡಿಗೆ ಮರಳಿ ಬಂದಾಗ ಅದರ ಗುರುತು ನಮಗೆ ಹತ್ತುವುದಿಲ್ಲ. ಹೊಲದಲ್ಲಿ ನಾವೇ ಬೆಳೆದುದನ್ನು ಅಂಗಡಿಯಲ್ಲಿ ನಾವೇ ಗುರುತಿಸಲಾರೆವು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯಲ್ಲಿ ತೂಕವಿರುವ ಪದ 'ಊಟ'ವಲ್ಲ, 'ಬಲ್ಲವನು' ಎಂಬುದು. ಕಡಿಮೆ ತಿನ್ನುವವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಲಿಲ್ಲ. ತಿನ್ನುವುದನ್ನು ಬಲ್ಲವನಿಗೆ ರೋಗವಿಲ್ಲವೆಂದರು. ಅವರ ಕಾಲದಲ್ಲಿ ಬಲ್ಲವನಾಗುವುದು ಸುಲಭವಾಗಿತ್ತು. ಜೋಳ ತಮ್ಮ ಹೊಲದ್ದು, ಎಣ್ಣೆ ಊರ ಗಾಣದ್ದು, ಬೆಲ್ಲ ಪಕ್ಕದ ಆಲೆಮನೆಯದು. ಇಂದು ನಮ್ಮ ತಟ್ಟೆಗೆ ಬರುವ ಎಷ್ಟೋ ಪದಾರ್ಥಗಳು ಎಲ್ಲಿ, ಯಾವುದರಿಂದ ತಯಾರಾದವು ಎಂದು ಹೇಳುವ ಸಾಕ್ಷಿ ಒಂದೇ: ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳು. ಆ ಅಕ್ಷರಗಳನ್ನು ಓದುವುದು ನಮ್ಮ ಕುಟುಂಬಗಳ ಇಂದಿನ ಅಗತ್ಯಗಳಲ್ಲಿ ಒಂದು ಎಂದು ಈ ವಾರ ನಿವೇದಿಸಿಕೊಳ್ಳಲು ಬಯಸುತ್ತೇವೆ.

ಇದು ಪಟ್ಟಣದ ಸ್ಥಿತಿವಂತರ ಗೀಳು ಎಂದು ಯಾರೂ ತಳ್ಳಿಹಾಕದಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು, 2021ರ ಹೊತ್ತಿಗೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿ ಮಧುಮೇಹಿಗಳಿದ್ದರೆಂದೂ, ಇನ್ನೂ 13 ಕೋಟಿ 60 ಲಕ್ಷ ಮಂದಿ ಆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದರೆಂದೂ ಅಂದಾಜು ಮಾಡಿತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಹಳ್ಳಿಯ ಮನೆಗಳೂ ಸೇರಿವೆ.

ಕಂಡ ಸಕ್ಕರೆ, ಕಾಣದ ಸಕ್ಕರೆ

ಮನೆಗಳನ್ನು ಸಂದರ್ಶಿಸುವಾಗ ನಾವು ಮತ್ತೆ ಮತ್ತೆ ಕೇಳುವ ಮಾತೊಂದುಂಟು: "ಸಕ್ಕರೆ ಪೂರ್ತಿ ಬಿಟ್ಟೀನಿ ಫಾದರ್, ಆದರೂ ರಕ್ತದಾಗ ಇಳಿವಲ್ದು." ಹೀಗೆನ್ನುವವರು ಸುಳ್ಳಾಡುತ್ತಿಲ್ಲ. ಚಹಾಕ್ಕೆ ಅವರು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಆದರೆ ಆ ಸಪ್ಪೆ ಚಹಾದ ಜೊತೆಗೆ ನಾಲ್ಕು ಬಿಸ್ಕತ್ತುಗಳಿರುತ್ತವೆ. ಕಾಯಿಲೆಯವರನ್ನು ನೋಡಲು ಬಂದ ಬಂಧುಗಳು ಪ್ರೀತಿಯಿಂದ ತಂದಿಟ್ಟ ಬ್ರೆಡ್ಡು, ಹಣ್ಣಿನ ರಸದ ಡಬ್ಬಿ, ಬಲವರ್ಧಕವೆಂದು ಕರೆಸಿಕೊಳ್ಳುವ ಪುಡಿ ತಲೆದೆಸೆಯಲ್ಲಿ ಸಾಲಾಗಿರುತ್ತವೆ. ಚಮಚದಲ್ಲಿ ಬಂದ ಸಕ್ಕರೆಯನ್ನು ಅವರು ಬಾಗಿಲಲ್ಲೇ ತಡೆದಿದ್ದಾರೆ. ಪೊಟ್ಟಣದಲ್ಲಿ ಬಂದುದು ಹಿತ್ತಲ ಬಾಗಿಲಿನಿಂದ ಒಳಗೆ ಸೇರಿದೆ.

ಇಲ್ಲಿ ಒಂದಿಷ್ಟು ಲೆಕ್ಕ ಅಗತ್ಯ. ಆಹಾರದಿಂದ ದೇಹಕ್ಕೆ ಸಿಗುವ ಶಕ್ತಿಯನ್ನು ಕಿಲೊಕ್ಯಾಲರಿಗಳಲ್ಲಿ ಅಳೆಯುತ್ತಾರೆ. ಆಡುಮಾತಿನಲ್ಲಿ ಇದನ್ನೇ ಕ್ಯಾಲರಿ ಎನ್ನುವುದು ರೂಢಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ 4, ಒಂದು ಗ್ರಾಂ ಸಸಾರಜನಕದಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲರಿ ಶಕ್ತಿ ಬರುತ್ತದೆ. ಅಂದರೆ ಎಣ್ಣೆ, ತುಪ್ಪ, ಡಾಲ್ಡಾಗಳು ತೂಕಕ್ಕೆ ತೂಕ ಸಕ್ಕರೆಯ ಎರಡರಷ್ಟಕ್ಕೂ ಹೆಚ್ಚು ಶಕ್ತಿಯನ್ನು ಹೊತ್ತಿರುತ್ತವೆ. ಸಕ್ಕರೆಯ ಒಂದು ಸಣ್ಣ ಚಮಚ ಸುಮಾರು 5 ಗ್ರಾಂ, 20 ಕ್ಯಾಲರಿ. ಎಣ್ಣೆಯ ಒಂದು ದೊಡ್ಡ ಚಮಚ ಸುಮಾರು 120 ಕ್ಯಾಲರಿ. ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಬಿಸಾಡುವುದಿಲ್ಲ. ಬರಗಾಲ ಕಂಡ ಹಳೆಯ ರೈತನಂತೆ ಅದನ್ನು ಕೊಬ್ಬಿನ ರೂಪದಲ್ಲಿ ಕಣಜಕ್ಕೆ ತುಂಬುತ್ತದೆ.

ದಿನಕ್ಕೆ ನಾಲ್ಕು ಸಲ ಚಹಾ ಕುಡಿದು, ಪ್ರತಿ ಸಲಕ್ಕೂ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವರನ್ನು ತೆಗೆದುಕೊಳ್ಳಿ. ದಿನಕ್ಕೆ 40 ಗ್ರಾಂ. ವರ್ಷಕ್ಕೆ 14 ಕಿಲೊ 600 ಗ್ರಾಂ. ದೇಶನೂರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದೂವರೆ ಕ್ವಿಂಟಲ್ ಕಬ್ಬಿನ ಸಕ್ಕರೆ ಒಬ್ಬರ ಚಹಾಕ್ಕೇ ಸಂದುಹೋಯಿತು. ಒಬ್ಬರ ಆಹಾರದಲ್ಲಿ ಇಂಥ ಬಿಡಿ ಸಕ್ಕರೆ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು, ಶೇಕಡಾ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿತು. 2000 ಕ್ಯಾಲರಿ ಉಣ್ಣುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಜೇನು ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಈ ಮಿತಿಯೊಳಗೇ ಬರುತ್ತದೆ. ಬೆಲ್ಲ ತಿಂದರೆ ತೊಂದರೆಯಿಲ್ಲವೆಂಬ ನಂಬಿಕೆಗೂ ಆಧಾರವಿಲ್ಲ. ಶಕ್ತಿಯ ಲೆಕ್ಕದಲ್ಲಿ ಅದು ಸಕ್ಕರೆಯ ಒಡಹುಟ್ಟು.

ಹೊಟ್ಟೆಬಾಕತನವಲ್ಲ, ಅನುಭವದ ಕೊರತೆ

ಮೈ ಬಂದವರನ್ನು ಕಂಡು "ತಿನ್ನೋದು ಜಾಸ್ತಿ" ಎಂದು ನಗುವ ಕೆಟ್ಟ ಚಾಳಿ ನಮ್ಮಲ್ಲಿದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯದಲ್ಲಿ ನಮಗಿಂತ ಹೆಚ್ಚು ಸೂಕ್ಷ್ಮಮತಿಗಳು. ತಮ್ಮ 'ಸುಮ್ಮಾ ಥಿಯೊಲಾಜಿಕಾ' ಗ್ರಂಥದಲ್ಲಿ ಹೊಟ್ಟೆಬಾಕತನವನ್ನು ವಿಚಾರಿಸುವಾಗ ಅವರು ಒಂದು ಭೇದವನ್ನು ಎತ್ತಿ ತೋರಿಸುತ್ತಾರೆ. ತಿನ್ನುವ ಲಾಲಸೆಯಿಂದ ಅಳತೆ ಮೀರುವುದು ಒಂದು. ಇಷ್ಟು ತನಗೆ ಬೇಕೆಂದು ತಿಳಿದು, ಆ ತಿಳಿವಳಿಕೆಯಲ್ಲೇ ತಪ್ಪಿ, ಅಳತೆ ಮೀರುವುದು ಇನ್ನೊಂದು. ಎರಡನೆಯದು ಹೊಟ್ಟೆಬಾಕತನವಲ್ಲ, ಒಂದು ಬಗೆಯ ಅನುಭವದ ಕೊರತೆ ಎಂಬುದು ಅವರ ನಿರ್ಣಯ.

ಈ ಭೇದ ನಮ್ಮ ಕಾಲಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಮಗುವಿಗೆ ಬಲ ಬರಲೆಂದು ಹಾಲಿಗೆ ಮೂರು ಚಮಚ ಪುಡಿ ಬೆರೆಸುವ ತಾಯಿಯಲ್ಲಿ ಲಾಲಸೆಯಿಲ್ಲ. ಹಗುರವೆಂದು ರಾತ್ರಿ ಊಟಕ್ಕೆ ಬದಲಾಗಿ ಬಿಸ್ಕತ್ತು ತಿನ್ನುವ ಅಜ್ಜನಲ್ಲಿಯೂ ಇಲ್ಲ. ಅವರಿಗೆ ಬೇಕಾದುದು ಬೈಗುಳವಲ್ಲ, ತಿಳಿವಳಿಕೆ.

ಅಳತೆ ಎಲ್ಲರಿಗೂ ಒಂದೇ ಅಲ್ಲ ಎಂಬುದು ಇನ್ನೊಂದು ಸಂಗತಿ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ 'ಮಧ್ಯಮ ಮಾರ್ಗ'ವನ್ನು ವಿವರಿಸುವಾಗ ಊಟದ ಉದಾಹರಣೆಯನ್ನೇ ಕೊಡುತ್ತಾನೆ. ಹತ್ತು ಸೇರು ಹೆಚ್ಚು, ಎರಡು ಸೇರು ಕಡಿಮೆ ಎಂದಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಸೇರು ಬಡಿಸುವುದಿಲ್ಲ; ಮಿಲೋ ಎಂಬ ಮಹಾ ಜಟ್ಟಿಗೆ ಅದು ಸಾಲದು, ಗರಡಿಗೆ ಇಂದು ಕಾಲಿಟ್ಟ ಹುಡುಗನಿಗೆ ಅದು ಅತಿಯಾಯಿತು. ನಮ್ಮ ಪೌಷ್ಟಿಕತಜ್ಞರ ಅಂಕಿಗಳೂ ಇದನ್ನೇ ಹೇಳುತ್ತವೆ. 2020ರ ರಾಷ್ಟ್ರೀಯ ಶಿಫಾರಸಿನ ಪ್ರಕಾರ 65 ಕಿಲೊ ತೂಕದ ಗಂಡಸಿಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 2110, ಸಾಧಾರಣ ದುಡಿಮೆಯಾದರೆ 2710, ಕಠಿಣ ದುಡಿಮೆಯಾದರೆ 3470 ಕ್ಯಾಲರಿ ಬೇಕು. 55 ಕಿಲೊ ತೂಕದ ಹೆಂಗಸಿಗೆ ಇದೇ ಕ್ರಮದಲ್ಲಿ 1660, 2130 ಮತ್ತು 2720.

ನಮ್ಮ ಭಾಗದ ಮನೆಗಳಲ್ಲಿ ಆಗಿರುವುದು ಇಲ್ಲಿಯೇ. ಹಗಲೆಲ್ಲ ಸಸಿ ನಾಟಿ, ಕಳೆ ಕಿತ್ತು, ಹೊರೆ ಹೊತ್ತ ತಲೆಮಾರಿನ ತಟ್ಟೆ ಹಾಗೆಯೇ ಉಳಿಯಿತು. ಆ ತಟ್ಟೆಯ ಮುಂದೆ ಕುಳಿತವರ ಕೆಲಸ ಬದಲಾಯಿತು. ಭತ್ತ ಕೊಯ್ಯಲು ಯಂತ್ರ ಬಂತು, ಹೊಲಕ್ಕೆ ಹೋಗಲು ಬೈಕು ಬಂತು, ಮಕ್ಕಳು ಬಳ್ಳಾರಿಯ ಅಂಗಡಿ ಕಚೇರಿಗಳಲ್ಲಿ ಕುರ್ಚಿ ಹಿಡಿದರು. ಕಠಿಣ ದುಡಿಮೆಯಿಂದ ಕುರ್ಚಿಗೆ ಬಂದ ಗಂಡಸಿನ ಅಗತ್ಯ ದಿನಕ್ಕೆ 1360 ಕ್ಯಾಲರಿಯಷ್ಟು ಇಳಿಯುತ್ತದೆ. ತಟ್ಟೆಗೆ ಈ ಸುದ್ದಿ ಮುಟ್ಟಿಲ್ಲ. ಸಾಲದುದಕ್ಕೆ ಪೊಟ್ಟಣದ ತಿಂಡಿಯೂ ಸೇರಿಕೊಂಡಿದೆ.

ಪೊಟ್ಟಣದ ಹಿಂಬದಿಯಲ್ಲಿ ಏನಿದೆ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2006ರ ಕಾನೂನಿನ ಅನ್ವಯ ರಚನೆಯಾದದ್ದು. ಪೊಟ್ಟಣದ ಬರಹದ ಬಗ್ಗೆ ಅದು ಹೊರಡಿಸಿದ 2020ರ ನಿಯಮಾವಳಿಯು ತಯಾರಕರಿಂದ ಎರಡು ಮುಖ್ಯ ಸಂಗತಿಗಳನ್ನು ಕೇಳುತ್ತದೆ: ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶಗಳ ಕೋಷ್ಟಕ.

ಪದಾರ್ಥಗಳ ಪಟ್ಟಿ 'ಇಂಗ್ರೀಡಿಯಂಟ್ಸ್' ಎಂಬ ಪದದಿಂದ ಆರಂಭವಾಗುತ್ತದೆ. ಅದರಲ್ಲಿ ಹೆಸರುಗಳು ಮನಬಂದಂತೆ ಬರುವುದಿಲ್ಲ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಆಮೇಲೆ. ಆದುದರಿಂದ ಮೊದಲ ಮೂರು ಹೆಸರುಗಳನ್ನು ಓದಿದರೆ ಪೊಟ್ಟಣದ ಒಳಗುಟ್ಟು ಬಹುಪಾಲು ತಿಳಿದಂತೆಯೇ. 'ರಿಫೈನ್ಡ್ ವೀಟ್ ಫ್ಲೋರ್' ಎಂದರೆ ಮೈದಾ. 'ಶುಗರ್' ಎಂದರೆ ಸಕ್ಕರೆ. 'ಎಡಿಬಲ್ ವೆಜಿಟೆಬಲ್ ಆಯಿಲ್' ಎಂದರೆ ಅಡುಗೆ ಎಣ್ಣೆ. ಎಷ್ಟೋ ಸಲ ಅದು ತಾಳೆ ಎಣ್ಣೆ. ಮೈದಾ, ಸಕ್ಕರೆ, ಎಣ್ಣೆ ಎಂಬ ತ್ರಿವಳಿಯಿಂದ ಆರಂಭವಾಗುವ ಪಟ್ಟಿಗಳು ಅಂಗಡಿಯ ಕಪಾಟಿನಲ್ಲಿ ಎಷ್ಟಿವೆ ಎಂಬುದನ್ನು ಓದುಗರೇ ಎಣಿಸಿ ನೋಡಲಿ.

ಸಕ್ಕರೆಗೆ ಅಡ್ಡಹೆಸರುಗಳೂ ಬಹಳ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್ಟ್ರೋಸ್, ಫ್ರಕ್ಟೋಸ್ ಇವೆಲ್ಲ ಸಕ್ಕರೆಯ ಮನೆತನದವೇ. ಮಾಲ್ಟೋಡೆಕ್ಸ್ಟ್ರಿನ್ ಹೆಸರಿನಲ್ಲಿ ಸಕ್ಕರೆಯಲ್ಲದಿದ್ದರೂ ಹೊಟ್ಟೆ ಸೇರಿದ ಮೇಲೆ ಬೇಗನೆ ಗ್ಲೂಕೋಸಾಗುವ ಪಿಷ್ಟ. ಒಂದೇ ಸಕ್ಕರೆ ಮೂರು ಹೆಸರುಗಳಲ್ಲಿ ಹಂಚಿಹೋದರೆ ಪ್ರತಿಯೊಂದೂ ಪಟ್ಟಿಯ ಕೆಳಗಡೆಗೆ ಸರಿಯುತ್ತದೆ. ಕೂಡಿಸಿದರೆ ಮೇಲೆಯೇ ಇರುತ್ತಿತ್ತು.

ಕೋಷ್ಟಕದಲ್ಲಿ ಮೊದಲಿಗೆ 'ಎನರ್ಜಿ', ಎಂದರೆ ಶಕ್ತಿ. ಆಮೇಲೆ ಸಸಾರಜನಕ, ಪಿಷ್ಟ, ಅದರ ಕೆಳಗೆ 'ಟೋಟಲ್ ಶುಗರ್ಸ್', 'ಆ್ಯಡೆಡ್ ಶುಗರ್ಸ್'. ಹಾಲಿನಲ್ಲಾಗಲಿ ಹಣ್ಣಿನಲ್ಲಾಗಲಿ ತಾನಾಗಿಯೇ ಇರುವ ಸಕ್ಕರೆಯೂ ಮೊದಲನೆಯದರಲ್ಲಿ ಸೇರುತ್ತದೆ. ತಯಾರಕರು ಬೆರೆಸಿದ್ದು ಎಷ್ಟೆಂದು ಎರಡನೆಯದು ಹೇಳುತ್ತದೆ. ನಾವು ನೋಡಬೇಕಾದುದು ಮುಖ್ಯವಾಗಿ ಈ ಎರಡನೆಯ ಸಾಲನ್ನು. ಆ ಅಂಕಿಯನ್ನು 5ರಿಂದ ಭಾಗಿಸಿದರೆ ಎಷ್ಟು ಚಮಚ ಎಂಬುದು ಮನೆಮಾತಿಗೆ ಇಳಿಯುತ್ತದೆ. ಅನಂತರ ಕೊಬ್ಬು, ಅದರಲ್ಲಿ 'ಸ್ಯಾಚುರೇಟೆಡ್' ಮತ್ತು 'ಟ್ರಾನ್ಸ್' ಎಂಬ ಬಗೆಗಳು, ಕಡೆಯಲ್ಲಿ 'ಸೋಡಿಯಂ'. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ದಿನಕ್ಕೆ 5 ಗ್ರಾಂ ಉಪ್ಪು ಸಾಕು.

ಎರಡು ಕಡೆ ಎಚ್ಚರ ಬೇಕು. ಕೋಷ್ಟಕದ ಅಂಕಿ ಸಾಮಾನ್ಯವಾಗಿ 100 ಗ್ರಾಂಗೆ ಕೊಟ್ಟದ್ದು. ನಮ್ಮ ಕೈಯಲ್ಲಿರುವ ಪೊಟ್ಟಣ ಎಷ್ಟು ಗ್ರಾಮಿನದೆಂದು ನೋಡಿ ಲೆಕ್ಕ ಹಾಕಬೇಕು. ಸಾಧಾರಣ ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಸುಮಾರು 450 ಕ್ಯಾಲರಿ, 25 ಗ್ರಾಂ ಸಕ್ಕರೆ ಇರುತ್ತದೆ. 50 ಗ್ರಾಂ ತಿಂದರೆ 225 ಕ್ಯಾಲರಿ, ಎರಡೂವರೆ ಚಮಚ ಸಕ್ಕರೆ ತಿಂದಂತಾಯಿತು. 60 ಕಿಲೊ ತೂಕದವರು ಅದನ್ನು ಕರಗಿಸಲು ಹೆಚ್ಚುಕಡಿಮೆ ಒಂದು ತಾಸು ಬಿರುಸಾಗಿ ನಡೆಯಬೇಕು. ಅಷ್ಟೇ ತೂಕದ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲರಿ. ಅದು ಮಧ್ಯಾಹ್ನದವರೆಗೆ ಹಸಿವನ್ನು ತಡೆಯುತ್ತದೆ, ಬಿಸ್ಕತ್ತು ತಡೆಯುವುದಿಲ್ಲ.

ಎರಡನೆಯ ಎಚ್ಚರ: ಕೋಷ್ಟಕದ ಬದಿಯಲ್ಲಿರುವ ಶೇಕಡಾವಾರು ಅಂಕಿ ದಿನಕ್ಕೆ 2000 ಕ್ಯಾಲರಿ, 67 ಗ್ರಾಂ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಎಂಬ ಆಧಾರದ ಮೇಲೆ ಲೆಕ್ಕ ಹಾಕಿದ್ದು. 1660 ಕ್ಯಾಲರಿಯಷ್ಟೇ ಬೇಕಾದ ಗೃಹಿಣಿಗೆ, ಇನ್ನೂ ಕಡಿಮೆ ಸಾಕಾಗುವ ಪುಟ್ಟ ಮಗುವಿಗೆ ನಿಜವಾದ ಪಾಲು ಅಲ್ಲಿ ಬರೆದುದಕ್ಕಿಂತ ಹೆಚ್ಚು. ಮಿಲೋ ಜಟ್ಟಿಯ ತಟ್ಟೆ ಎಲ್ಲರದೂ ಅಲ್ಲ.

ಮುಂಬದಿಯ ಮಾತು

ಪೊಟ್ಟಣದ ಹಿಂಬದಿ ಕಾನೂನಿಗಾಗಿ ಮಾತಾಡುತ್ತದೆ. ಮುಂಬದಿ ಮಾರಾಟಕ್ಕಾಗಿ ಮಾತಾಡುತ್ತದೆ. ಅಲ್ಲಿನ ಮಾತು ಎಷ್ಟೋ ಸಲ ಸುಳ್ಳಲ್ಲ, ಆದರೂ ದಾರಿ ತಪ್ಪಿಸುತ್ತದೆ. ಅಡುಗೆ ಎಣ್ಣೆಯ ಮೇಲೆ 'ಕೊಲೆಸ್ಟೆರಾಲ್ ಇಲ್ಲ' ಎಂದು ಬರೆದಿದ್ದರೆ ಅದು ನಿಜ. ಏಕೆಂದರೆ ಶೇಂಗಾ, ಸೂರ್ಯಕಾಂತಿ, ತಾಳೆ ಯಾವ ಗಿಡದ ಎಣ್ಣೆಯಲ್ಲಿಯೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟೆರಾಲ್ ಇರುವುದಿಲ್ಲ. ಆದರೆ ಆ ಮಾತನ್ನು ನಂಬಿ ಎರಡು ಚಮಚ ಹೆಚ್ಚು ಸುರಿದುಕೊಂಡರೆ 240 ಕ್ಯಾಲರಿ ಹೆಚ್ಚಾಗುವುದು ತಪ್ಪುವುದಿಲ್ಲ. 'ಸಕ್ಕರೆರಹಿತ' ಬಿಸ್ಕತ್ತಿನಲ್ಲಿ ಮೈದಾ ಮತ್ತು ಕೊಬ್ಬು ಎಂದಿನಂತೆಯೇ ಇರಬಹುದು. 'ಬಹುಧಾನ್ಯ' ಎಂಬ ಹೆಸರಿನ ತಿಂಡಿಯಲ್ಲಿ ರಾಗಿ ಜೋಳಗಳು ಶೇಕಡಾ ಎಷ್ಟು ಎಂಬುದನ್ನು ಪದಾರ್ಥಗಳ ಪಟ್ಟಿಯಲ್ಲಿ ಹುಡುಕಬೇಕು.

ಇದು ನಮ್ಮ ಊಹೆಯ ಮಾತಲ್ಲ. ಹೆಸರಾಂತ ಮಾಲ್ಟ್ ಪಾನೀಯದ ಪುಡಿಯೊಂದರಲ್ಲಿ ಮೂರನೆಯ ಒಂದು ಭಾಗದಷ್ಟು ಸೇರಿಸಿದ ಸಕ್ಕರೆಯೇ ಇದೆ ಎಂಬುದು 2023ರಲ್ಲಿ ದೇಶದಾದ್ಯಂತ ಚರ್ಚೆಗೆ ಬಂತು. 'ಆರೋಗ್ಯ ಪಾನೀಯ' ಎಂಬ ಮಾತಿಗೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲವೆಂದು ತಿಳಿಸಿ, 2024ರ ಏಪ್ರಿಲ್‌ನಲ್ಲಿ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರಿಗೆ ಹಾಲು, ಧಾನ್ಯ ಮತ್ತು ಮಾಲ್ಟ್ ಆಧಾರಿತ ಪಾನೀಯಗಳನ್ನು ಆ ಹೆಸರಿನಡಿ ಇಡಬೇಡಿರೆಂದು ಸೂಚಿಸಿತು. ಅದೇ ವರ್ಷದ ಜೂನ್‌ನಲ್ಲಿ, ಸಾರವನ್ನು ನೀರಿನೊಡನೆ ಬೆರೆಸಿ ತಯಾರಿಸಿದ ಹಣ್ಣಿನ ರಸಗಳ ಮೇಲಿಂದ 'ಶೇಕಡಾ 100 ಹಣ್ಣಿನ ರಸ' ಎಂಬ ಘೋಷಣೆಯನ್ನು ತೆಗೆಯಬೇಕೆಂದು ಆದೇಶಿಸಿತು. ದಕ್ಷಿಣ ಅಮೆರಿಕದ ಚಿಲಿ ದೇಶವು 2016ರಿಂದ ಸಕ್ಕರೆ, ಉಪ್ಪು, ಕೊಬ್ಬು, ಶಕ್ತಿ ಮಿತಿಮೀರಿದ ತಿಂಡಿಗಳ ಮುಂಬದಿಯಲ್ಲೇ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ. ಓದಲು ಬಾರದವರೂ ಆ ಕಪ್ಪು ಗುರುತನ್ನು ಎಣಿಸಬಲ್ಲರು.

ಲೇಬಲ್ ಇಲ್ಲದ ಊಟ

ಇಷ್ಟೆಲ್ಲ ಓದಿ ಕಾರ್ಖಾನೆಯ ತಿಂಡಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಸಂಜೆಯ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಗೆ ಯಾವ ಕೋಷ್ಟಕವೂ ಇಲ್ಲ. ಮಂಡಕ್ಕಿ ಹೂವಿನಂತೆ ಹಗುರ. 30 ಗ್ರಾಂ ಮಂಡಕ್ಕಿಗೆ ಸುಮಾರು 110 ಕ್ಯಾಲರಿ ಅಷ್ಟೆ. ಆದರೆ ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಬಿದ್ದರೆ 120 ಸೇರಿತು. 20 ಗ್ರಾಂ ಶೇಂಗಾ ಬಿದ್ದರೆ ಇನ್ನೊಂದು 110. ಮಿರ್ಚಿಯನ್ನು ಮುಟ್ಟುವ ಮೊದಲೇ 340 ಆಯಿತು. ಮಂಡಕ್ಕಿಯ ಪಾಲು ಮೂರನೆಯ ಒಂದು ಭಾಗ ಮಾತ್ರ. ಶೇಂಗಾ ಸಸಾರಜನಕವನ್ನೂ ಕೊಡುವ ಒಳ್ಳೆಯ ಕಾಳು, ಅದನ್ನು ಬಿಡಬೇಕಾಗಿಲ್ಲ. ಹಗುರವೆಂದು ಎರಡನೆಯ ತಟ್ಟೆಗೆ ಕೈಚಾಚುವ ಮುನ್ನ ಲೆಕ್ಕ ನೆನಪಿರಲಿ. ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಬಿಟ್ಟು, ಆ ಕೊರತೆಯನ್ನು ಬಜ್ಜಿ ಬೋಂಡಾಗಳಿಂದ ತುಂಬಿಕೊಳ್ಳುವ ಮನೆಗಳೂ ಈ ಮಾತನ್ನು ಗಮನಿಸಬಹುದು.

ಅನ್ನದ ವಿಷಯವೂ ಹೀಗೆಯೇ. ಕಾಲುವೆ ಬಂದ ಮೇಲೆ ಸಿರುಗುಪ್ಪ ಸೀಮೆ ಭತ್ತದ ಕಣಜವಾಯಿತು, ಜೋಳ ಹಿಂದೆ ಸರಿಯಿತು. ತೂಕಕ್ಕೆ ತೂಕ ಅಕ್ಕಿ ಮತ್ತು ಜೋಳದ ಕ್ಯಾಲರಿಯಲ್ಲಿ ಹೆಚ್ಚು ಅಂತರವಿಲ್ಲ. ಅಂತರವಿರುವುದು ನಾರಿನಲ್ಲಿ: 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ನಾರು ಕಡಿಮೆಯಾದ ಊಟ ಬೇಗ ಜೀರ್ಣವಾಗಿ ಬೇಗ ಹಸಿವು ತರುತ್ತದೆ. ಎರಡು ರೊಟ್ಟಿಗೆ ನಿಲ್ಲುತ್ತಿದ್ದ ಕೈ ಅನ್ನದಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಮನೆಯ ಅಡುಗೆಯ ಲೇಬಲ್ ಬರೆಯುವವರು ಯಾರು? ಮನೆಯವರೇ. ಅದಕ್ಕೆ ತಕ್ಕಡಿಯೂ ಬೇಡ. ತಿಂಗಳಿಗೆ ಮನೆಗೆ ತಂದ ಎಣ್ಣೆ ಎಷ್ಟು, ಸಕ್ಕರೆ ಬೆಲ್ಲ ಎಷ್ಟು ಎಂಬುದು ಕಿರಾಣಿ ಚೀಟಿಯಲ್ಲೇ ಇದೆ. ಐದು ಮಂದಿಯ ಮನೆಗೆ ಐದು ಲೀಟರ್ ಎಣ್ಣೆ, ಐದು ಕಿಲೊ ಸಕ್ಕರೆ ಬಂದಿತೆನ್ನಿ. ತಲೆಗೆ ತಿಂಗಳಿಗೆ ಒಂದು ಲೀಟರ್ ಎಣ್ಣೆ ಎಂದರೆ ದಿನಕ್ಕೆ ಸುಮಾರು 30 ಗ್ರಾಂ, 270 ಕ್ಯಾಲರಿ. ಒಂದು ಕಿಲೊ ಸಕ್ಕರೆ ಎಂದರೆ ದಿನಕ್ಕೆ 33 ಗ್ರಾಂ. ಒಳ್ಳೆಯದೆನಿಸಿದ 25 ಗ್ರಾಂ ಆಗಲೇ ದಾಟಿತು, ಪೊಟ್ಟಣದ ತಿಂಡಿಗಳ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ತಿಂಗಳ ಚೀಟಿಯಲ್ಲಿ ಒಂದು ಲೀಟರ್ ಎಣ್ಣೆ, ಒಂದು ಕಿಲೊ ಸಕ್ಕರೆ ಕಡಿಮೆ ಮಾಡಿದರೆ ಯಾರ ತಟ್ಟೆಯಿಂದಲೂ ರುಚಿ ಕಸಿದಂತಾಗುವುದಿಲ್ಲ, ಹಣವೂ ಉಳಿಯುತ್ತದೆ.

ನಮ್ಮ ನುಡಿಯಲ್ಲಿ ಹೇಳುವವರು ಯಾರು

ಕೊನೆಯದಾಗಿ, ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ಪೊಟ್ಟಣದ ಬರಹವು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು ಎನ್ನುತ್ತದೆ ನಿಯಮ. ಇತರ ಭಾಷೆಗಳನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ಪರಿಣಾಮವೇನು? ಕನ್ನಡವನ್ನು ಮಾತ್ರ ಓದಬಲ್ಲ ತಾಯಿ, ತೆಲುಗು ಮನೆಮಾತಿನ ಅಜ್ಜಿ, ಉರ್ದು ಓದುವ ನೆರೆಮನೆಯಾಕೆ ಇವರಿಗೆಲ್ಲ ಪೊಟ್ಟಣದ ಮುಂಬದಿಯ ಚಿತ್ರ ಅರ್ಥವಾಗುತ್ತದೆ, ಹಿಂಬದಿಯ ಸತ್ಯ ಅರ್ಥವಾಗುವುದಿಲ್ಲ. ಅಲ್ಲದೆ ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದ ಚಿಕ್ಕ ಪೊಟ್ಟಣಗಳಿಗೆ ಈ ವಿವರಗಳಿಂದ ವಿನಾಯಿತಿಯೂ ಉಂಟು. ಬಡವರ ಮಕ್ಕಳು ಬಿಡಿ ನಾಣ್ಯ ಕೊಟ್ಟು ಕೊಳ್ಳುವುದು ಹೆಚ್ಚಾಗಿ ಚಿಕ್ಕ ಪೊಟ್ಟಣಗಳನ್ನೇ. ಉಣ್ಣುವವನಿಗೆ ತಾನು ಏನನ್ನು ಉಣ್ಣುತ್ತಿದ್ದೇನೆಂದು ತಿಳಿಯುವುದು ದಯೆಯ ಮಾತಲ್ಲ, ಹಕ್ಕು. ತೂಕದಲ್ಲಿ ಮೋಸ ಮಾಡಬಾರದೆಂಬ ನ್ಯಾಯ ಎಷ್ಟು ಹಳೆಯದೋ, ತಿಳಿಯುವ ನುಡಿಯಲ್ಲಿ ಹೇಳಬೇಕೆಂಬ ನ್ಯಾಯವೂ ಅಷ್ಟೇ ಹಳೆಯದಾಗಬೇಕಿತ್ತು.

ಆ ಹಕ್ಕನ್ನು ಕೇಳುತ್ತಲೇ ನಮ್ಮ ಕೈಲಾದುದನ್ನು ನಾವು ಆರಂಭಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಪ್ರಕಟಿಸಿದ 17 ಆಹಾರ ಸೂತ್ರಗಳಲ್ಲಿ ಕೊನೆಯದು ಲೇಬಲ್ ಓದಿರಿ ಎಂಬುದೇ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ಮಂಡಳಿಯು ತನ್ನ ಶಾಲೆಗಳಲ್ಲಿ 'ಸಕ್ಕರೆ ಫಲಕ'ಗಳನ್ನು ಹಾಕಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆಯಿದೆ ಎಂದು ಮಕ್ಕಳಿಗೆ ತೋರಿಸಿರೆಂದು ತಿಳಿಸಿತು. ಇಂಥದೊಂದು ಫಲಕ ನಮ್ಮ ಧರ್ಮೋಪದೇಶ ತರಗತಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬಾರದೇಕೆ? ಖಾಲಿ ಪೊಟ್ಟಣಗಳನ್ನು ಮಕ್ಕಳೇ ತರಲಿ; ಆ್ಯಡೆಡ್ ಶುಗರ್ಸ್ ಸಾಲನ್ನು ಹುಡುಕಿ, 5ರಿಂದ ಭಾಗಿಸಿ, ಅಷ್ಟು ಚಮಚಗಳ ಚಿತ್ರ ಬರೆದು ಅಂಟಿಸಲಿ. ಇಂಗ್ಲಿಷ್ ಕಲಿತ ಮೊಮ್ಮಗಳು ವಾರಕ್ಕೊಮ್ಮೆ ಅಜ್ಜ ಅಜ್ಜಿಯ ಮುಂದೆ ಕುಳಿತು ಮನೆಗೆ ಬಂದ ಪೊಟ್ಟಣಗಳನ್ನು ಓದಿ ಹೇಳಲಿ. ಅವಳ ವಿದ್ಯೆಯ ಫಲ ಮನೆಗೆ ದಕ್ಕಿದಂತಾಗುತ್ತದೆ.

ರೊಟ್ಟಿ, ಚಟ್ನಿಪುಡಿ, ಚಕ್ಕುಲಿ ತಯಾರಿಸಿ ಮಾರುವ ಮಹಿಳಾ ಸಂಘಗಳು ಕಾನೂನು ಕೇಳುವ ಬರಹದ ಜೊತೆಗೆ ಕನ್ನಡದ ಪಟ್ಟಿಯನ್ನೂ ಹಾಕಿ ದೊಡ್ಡ ಕಂಪನಿಗಳಿಗೆ ದಾರಿ ತೋರಬಹುದು. ಕಾಯಿಲೆಯವರನ್ನು ನೋಡಲು ಹೋಗುವವರು ಬಿಸ್ಕತ್ತಿನ ಬದಲು ನಾಲ್ಕು ಮೋಸಂಬಿಯನ್ನೋ ಪೇರಲ ಹಣ್ಣನ್ನೋ ಒಯ್ಯಬಹುದು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ಊಟದಲ್ಲಿ ದೊಡ್ಡ ಬದಲಾವಣೆ ಮಾಡುವ ಮುನ್ನ ವೈದ್ಯರನ್ನು ತಪ್ಪದೆ ಕೇಳಬೇಕು. ಬೆಳೆಯುವ ಮಕ್ಕಳಿಗೂ ಹೊಲದಲ್ಲಿ ದುಡಿಯುವವರಿಗೂ ಹೊಟ್ಟೆ ತುಂಬ ಊಟ ಬೇಕು. ಅವರ ತಟ್ಟೆಯನ್ನು ಯಾರೂ ಕುಗ್ಗಿಸದಿರಲಿ.

ಈ ಬರಹವನ್ನು ಓದಿ ಮುಗಿಸಿದವರು ಅಡುಗೆಮನೆಯಲ್ಲಿರುವ ಯಾವುದಾದರೂ ಒಂದು ಪೊಟ್ಟಣವನ್ನು ಇಂದೇ ಕೈಗೆತ್ತಿಕೊಂಡು, ಅದರ ಹಿಂಬದಿಯ ಮೊದಲ ಮೂರು ಪದಾರ್ಥಗಳನ್ನು ಮನೆಮಂದಿಗೆಲ್ಲ ಕೇಳುವಂತೆ ಓದಿ ಹೇಳಬೇಕೆಂದು ಕೋರುತ್ತೇವೆ. ಕಬ್ಬು ಬೆಳೆದು ಸಕ್ಕರೆಯ ಲೆಕ್ಕ ಬಲ್ಲ ಸೀಮೆಯ ಜನರಿಗೆ ಉಳಿದ ಲೆಕ್ಕವೇನೂ ಕಷ್ಟವಾಗದು.